ಗುಳೆ ಬಂದ ಮಗುವೂ ಶಾಲೆಯ ಬಾಗಿಲೂ: ಜೇವರ್ಗಿ ಸೀಮೆಯಿಂದ ಒಂದು ಚಾರಿತ್ರಿಕ ಅವಲೋಕನ

ಪೀಠಿಕೆ

ಕೆಲವು ವರ್ಷಗಳ ಹಿಂದೆ ನಾವು ಬೆಂಗಳೂರಿನ ಹೊರವಲಯದ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆವು. ಧರ್ಮಕೇಂದ್ರಕ್ಕೆ ಸೇರಿದ ಶಾಲೆಯ ಆಡಳಿತದ ಹೊಣೆಯೂ ನಮ್ಮ ಮೇಲಿತ್ತು. ನವೆಂಬರ್ ತಿಂಗಳ ಒಂದು ಬೆಳಗ್ಗೆ, ಸಮೀಪದಲ್ಲೇ ಏಳುತ್ತಿದ್ದ ಬಹುಮಹಡಿ ಕಟ್ಟಡದಲ್ಲಿ ಕೂಲಿ ಮಾಡುತ್ತಿದ್ದ ತಂದೆಯೊಬ್ಬರು ಎಂಟೊಂಬತ್ತು ವರ್ಷದ ಮಗನ ಕೈಹಿಡಿದುಕೊಂಡು ಕಚೇರಿಯ ಬಾಗಿಲಿಗೆ ಬಂದರು. ಅವರ ಊರು ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿ. ಆ ವರ್ಷ ಮಳೆ ಕೈಕೊಟ್ಟಿತ್ತು, ಹೊಲದ ತೊಗರಿ ನಿಂತಲ್ಲೇ ಒಣಗಿತ್ತು. ನಾವು ವರ್ಗಾವಣೆ ಪತ್ರ ಕೇಳಿದೆವು, ಜನನ ಪ್ರಮಾಣಪತ್ರ ಕೇಳಿದೆವು. ಅವರು ತಲೆಯ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದು, "ಕಾಗದ ಎಲ್ಲಾ ಊರಾಗ ಅವ್ರಿ, ಹುಡುಗ ಇಲ್ಲಿ ಅದಾನ್ರಿ" ಎಂದರು.

ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದ ವಿಭಾಗವಿತ್ತು. ಮೂರನೆಯ ತರಗತಿಯಲ್ಲಿ ಸ್ಥಳವೂ ಇತ್ತು. ಆದರೂ ದಾಖಲಾತಿ ಮುಗಿದಿದೆ, ಕಾಗದಗಳನ್ನು ತರಿಸಿಕೊಂಡು ಜೂನ್ ತಿಂಗಳಲ್ಲಿ ಬನ್ನಿ ಎಂದು ಹೇಳಿ ಕಳುಹಿಸಿದೆವು. ಜೂನ್ ಬರುವ ಹೊತ್ತಿಗೆ ಆ ಕಟ್ಟಡ ಮುಗಿದಿರುತ್ತದೆ, ಆ ಕುಟುಂಬ ಬೇರೊಂದು ಕಡೆ ಇರುತ್ತದೆ ಎಂಬುದನ್ನು ಊಹಿಸಲು ದೊಡ್ಡ ವಿವೇಕವೇನೂ ಬೇಕಿರಲಿಲ್ಲ. ನಾವು ಯೋಚಿಸಲಿಲ್ಲ, ಅಷ್ಟೆ.

ಈ ಲೇಖನ ಆ ಬೆಳಗ್ಗೆಯಿಂದ ಹುಟ್ಟಿದೆ. ಹೊಸದಾಗಿ ಬಂದ ಮಗುವನ್ನು ಶಾಲೆಯೊಂದು ಹೇಗೆ ಬರಮಾಡಿಕೊಳ್ಳಬೇಕು ಎಂಬ ಪ್ರಶ್ನೆಗೆ ಇತಿಹಾಸದಲ್ಲಿ ಹಲವು ಉತ್ತರಗಳು ಸಿಕ್ಕಿವೆ. ಅವುಗಳಲ್ಲಿ ಕೆಲವು ನಮ್ಮ ಧರ್ಮಸಭೆಯವು, ಕೆಲವು ಈ ನಾಡಿನ ಸರ್ಕಾರಿ ಶಾಲೆಗಳವು. ಗುರುದೀಕ್ಷೆಗೆ ಸಿದ್ಧರಾಗುತ್ತಿರುವ ಸಹೋದರರು ನಾಳೆ ಇಂಥ ಕಚೇರಿಗಳಲ್ಲಿ ಕುಳಿತುಕೊಳ್ಳುವವರು. ಅವರ ಮುಂದೆ ಈ ಚರಿತ್ರೆಯನ್ನು ಇಡುವುದು ನಮ್ಮ ಉದ್ದೇಶ.

1. ಗುಳೆಯ ನೆಲ

ಕನ್ನಡದಲ್ಲಿ 'ವಲಸೆ' ಎಂಬ ಪದ ಸರ್ವತ್ರ ಬಳಕೆಯಲ್ಲಿದೆ. ಆದರೆ ಜೇವರ್ಗಿ, ಆಳಂದ, ಅಫಜಲಪುರದ ಜನ ಹೇಳುವುದು 'ಗುಳೆ' ಎಂದು. ವಲಸೆ ಹೋದವನು ಹೋದಲ್ಲೇ ನೆಲೆಸಬಹುದು. ಗುಳೆ ಹೋದವನು ಮಳೆಗಾಲಕ್ಕೆ ಮರಳುತ್ತಾನೆ, ಮರಳಲೇಬೇಕು, ಏಕೆಂದರೆ ಊರಲ್ಲಿ ತುಂಡು ಹೊಲವಿದೆ, ವಯಸ್ಸಾದ ತಾಯಿತಂದೆ ಇದ್ದಾರೆ. ಆದುದರಿಂದ ಗುಳೆಯ ಮಗು ಒಮ್ಮೆ ಮಾತ್ರ ಹೊಸಬನಾಗುವುದಿಲ್ಲ. ಹೋದ ಊರಿನ ಶಾಲೆಯಲ್ಲಿ ಒಮ್ಮೆ, ಮರಳಿದಾಗ ತನ್ನದೇ ಊರಿನ ಶಾಲೆಯಲ್ಲಿ ಮತ್ತೊಮ್ಮೆ, ವರ್ಷಕ್ಕೆ ಎರಡು ಸಲ ಅದು ಹೊಸಬನಾಗುತ್ತದೆ.

ಭೀಮಾ ನದಿಯ ಬಲಕ್ಕೆ ಹಬ್ಬಿದ ಜೇವರ್ಗಿಯ ಕಪ್ಪು ಎರೆಭೂಮಿ ತೊಗರಿಗೂ ಜೋಳಕ್ಕೂ ಹೆಸರಾದದ್ದು. ನೆಲ ಬಡವಾದದ್ದಲ್ಲ, ಮಳೆ ನಂಬಿಕೆಗೆ ಬಾರದು. ಬರ ಬಿದ್ದಾಗ ಊರು ಬಿಡುವುದು ಈ ಸೀಮೆಗೆ ಹೊಸದಲ್ಲ. ಸೊಲ್ಲಾಪುರದ ಗಿರಣಿಗಳು, ಮುಂಬೈಯ ಕಟ್ಟಡಗಳು, ಇತ್ತೀಚಿನ ದಶಕಗಳಲ್ಲಿ ಪುಣೆ, ಹೈದರಾಬಾದ್, ಬೆಂಗಳೂರು, ಜೊತೆಗೆ ಮಹಾರಾಷ್ಟ್ರದ ಕಬ್ಬಿನ ಗದ್ದೆಗಳು ಇಲ್ಲಿಯ ದುಡಿಮೆಯ ಕೈಗಳನ್ನು ಸೆಳೆದಿವೆ. ಡಾ. ಡಿ. ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 21 ಅಂದಿನ ಗುಲ್ಬರ್ಗ ವಿಭಾಗದವು. ಜೇವರ್ಗಿ, ಆಳಂದ, ಅಫಜಲಪುರ ಮೂರೂ ಆ ಪಟ್ಟಿಯಲ್ಲಿದ್ದವು.

ಶಾಲೆಯ ವರ್ಷ ಜೂನ್‌ನಿಂದ ಏಪ್ರಿಲ್‌ವರೆಗೆ. ಗುಳೆಯ ವರ್ಷ ಸುಗ್ಗಿ ಮುಗಿದಾಗ, ಬರ ಬಿದ್ದ ವರ್ಷಗಳಲ್ಲಿ ಅದಕ್ಕಿಂತ ಮೊದಲೇ, ಆರಂಭವಾಗಿ ಮುಂಗಾರಿನವರೆಗೆ ನಡೆಯುತ್ತದೆ. ಕಬ್ಬು ಕಡಿಯುವ ಕೆಲಸವಂತೂ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ಎರಡು ಪಂಚಾಂಗಗಳೂ ಒಂದನ್ನೊಂದು ಸರಿಯಾಗಿ ನಡುವಿನಲ್ಲೇ ಕತ್ತರಿಸುತ್ತವೆ. ಮಗು ದಡ್ಡನಾದುದರಿಂದ ಹಿಂದೆ ಬೀಳುವುದಿಲ್ಲ. ಎರಡು ಪಂಚಾಂಗಗಳ ನಡುವೆ ಸಿಕ್ಕಿ ಹಿಂದೆ ಬೀಳುತ್ತದೆ.

ಈ ಸೀಮೆ ಬರೀ ಕಳುಹಿಸುವ ಸೀಮೆಯಲ್ಲ, ಬರಮಾಡಿಕೊಳ್ಳುವ ಸೀಮೆಯೂ ಹೌದು. ದೆಹಲಿಯಿಂದ ಹೊರಟ ಖ್ವಾಜಾ ಬಂದೇನವಾಜರು 1400ರ ಸುಮಾರಿಗೆ, ಬಹಮನಿ ಫಿರೋಜ್ ಷಾನ ಕಾಲದಲ್ಲಿ, ಕಲಬುರಗಿಗೆ ಬಂದು ನೆಲೆಸಿ ಬೋಧಿಸಿದರು. ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಕಾಶ್ಮೀರದಿಂದ ಮೋಳಿಗೆಯ ಮಾರಯ್ಯ ಬಂದರೆಂದು ಶರಣ ಪರಂಪರೆ ನೆನೆಯುತ್ತದೆ. ನಮ್ಮ ಕಾಲದಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳು ಹರಿದ ಮೇಲೆ ಶಹಾಪುರ, ಸುರಪುರ, ಜೇವರ್ಗಿಯ ಕಡೆಗೆ ಆಂಧ್ರದಿಂದ ರೈತಕುಟುಂಬಗಳು ಬಂದು ಭೂಮಿ ಗೇಣಿಗೆ ಹಿಡಿದು 'ಕ್ಯಾಂಪು'ಗಳಲ್ಲಿ ಉಳಿದಿವೆ. ತೆಲುಗು ಮಾತಾಡುವ ಅವರ ಮಕ್ಕಳು ಕನ್ನಡ ಶಾಲೆಯ ಮೆಟ್ಟಿಲೇರುತ್ತಾರೆ. ಬೆಂಗಳೂರಿನಲ್ಲಿ ಜೇವರ್ಗಿಯ ಹುಡುಗ ಪಡುವ ಪಾಡನ್ನೇ ಜೇವರ್ಗಿಯಲ್ಲಿ ಆ ಮಗುವೂ ಪಡುತ್ತದೆ.

2. ತನ್ನ ಊರಲ್ಲೇ ಪರಕೀಯ

ಹೊಸಬನೆಂದರೆ ಊರು ಬದಲಿಸಿದವನು ಮಾತ್ರವೇ? ಈ ಸೀಮೆಯ ಶಿಕ್ಷಣದ ಚರಿತ್ರೆ ಬೇರೆ ಪಾಠ ಹೇಳುತ್ತದೆ. ಜೇವರ್ಗಿ, ಹಿಂದಿನ ದಾಖಲೆಗಳ ಆಂದೋಲ ತಾಲ್ಲೂಕು, 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಗೊಂಡ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉನ್ನತ ಶಿಕ್ಷಣವನ್ನೂ ಉರ್ದುವಿನಲ್ಲೇ ನೀಡಿತು. ಭಾರತೀಯ ಭಾಷೆಯೊಂದನ್ನು ವಿಶ್ವವಿದ್ಯಾನಿಲಯದ ಮಾಧ್ಯಮವಾಗಿಸಿದ ಆ ಸಾಹಸ ಸಾಮಾನ್ಯವಾದುದಲ್ಲ. ಆದರೆ ಮನೆಯಲ್ಲಿ ಕನ್ನಡವಾಡಿ ಬೆಳೆದ ಹಳ್ಳಿಯ ಮಗುವಿಗೆ ಮೇಲಿನ ತರಗತಿಗಳ ಬಾಗಿಲಲ್ಲಿ ನಿಂತದ್ದು ಪರಿಚಯವಿಲ್ಲದ ಲಿಪಿ. ಮನೆಬಿಟ್ಟು ಎಲ್ಲಿಗೂ ಹೋಗದೆಯೂ ಆ ಮಗು ಪರಸ್ಥಳದವನಾಯಿತು.

ಈ ಕೊರತೆಯನ್ನು ತುಂಬಿದವರು ಸಮಾಜದ ಸಾಮಾನ್ಯ ಜನ. 1907ರಲ್ಲಿ ಕಲಬುರಗಿಯಲ್ಲಿ ಆರಂಭವಾದ ನೂತನ ವಿದ್ಯಾಲಯದಂಥ ಖಾಸಗಿ ಶಾಲೆಗಳು, ಮಠಗಳ ಆಶ್ರಯದ ಪಾಠಶಾಲೆಗಳು ದೇಶಭಾಷೆಯ ಕಲಿಕೆಗೆ ಎಡೆಮಾಡಿಕೊಟ್ಟವು. 1956ರ ನವೆಂಬರ್ 1ರಂದು ಈ ಜಿಲ್ಲೆಗಳು ಅಂದಿನ ಮೈಸೂರು ರಾಜ್ಯವನ್ನು ಸೇರಿದವು. ಶಾಲೆಯ ಭಾಷೆ ಕನ್ನಡವಾಯಿತು. ಆಗ ಅದೇ ಅನುಭವ ಮತ್ತೊಂದು ಬದಿಗೆ ಹೊರಳಿತು. ಉರ್ದುವಿನಲ್ಲಿ ಓದಿದ ಪೀಳಿಗೆ ಕಚೇರಿಯ ಕನ್ನಡದ ಮುಂದೆ ತಡವರಿಸಿತು. ತಾಂಡಾಗಳಲ್ಲಿ ಲಂಬಾಣಿ ಮಾತಾಡುವ ಮಗುವಿಗಂತೂ ಉರ್ದುವೂ ಕನ್ನಡವೂ ಸಮಾನ ದೂರದಲ್ಲಿದ್ದವು. ಇಂದಿಗೂ ತಾಂಡಾದ ಮಗು ಶಾಲೆಯಲ್ಲಿ ಕನ್ನಡ ಕಲಿತು, ಗುಳೆ ಹೋದ ಊರಲ್ಲಿ ಮರಾಠಿಯನ್ನೋ ತೆಲುಗನ್ನೋ ಎದುರಿಸುತ್ತದೆ.

ಇಲ್ಲಿಂದ ನಾವು ಗ್ರಹಿಸಬೇಕಾದ ಮೊದಲ ಅಂಶವಿದು. ಮಗುವನ್ನು ಹೊಸಬನನ್ನಾಗಿಸುವುದು ಪ್ರಯಾಣವೊಂದೇ ಅಲ್ಲ; ಶಾಲೆ ತನ್ನ ಭಾಷೆ, ತನ್ನ ಪಂಚಾಂಗ, ತನ್ನ ಕಾಗದಗಳಿಂದ ಅವನನ್ನು ಹೊಸಬನಾಗಿಸುತ್ತದೆ, ಅಥವಾ ಆಗದಂತೆ ನೋಡಿಕೊಳ್ಳುತ್ತದೆ.

3. ಬಾಬಿಲೋನಿನ ಶಾಲೆ

ಪವಿತ್ರ ಗ್ರಂಥದಲ್ಲಿ ಪರದೇಶದ ಮಕ್ಕಳಿಗಾಗಿ ನಡೆದ ಶಾಲೆಯ ವರ್ಣನೆಯೊಂದಿದೆ. ದಾನಿಯೇಲನ ಗ್ರಂಥದ ಮೊದಲನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ನಂಬಿಕೆಯ ನಿಷ್ಠೆಯ ಕಥೆಯಾಗಿ ಓದುತ್ತೇವೆ. ಅದನ್ನು ಶಿಕ್ಷಣದ ಕಥೆಯಾಗಿಯೂ ಓದಬಹುದು. ಜೆರುಸಲೇಮಿನಿಂದ ಸೆರೆಯಾಗಿ ಬಂದ ತರುಣರಿಗೆ ಅರಸನು ಮೂರು ವರ್ಷಗಳ ವ್ಯಾಸಂಗವನ್ನು ಗೊತ್ತುಮಾಡುತ್ತಾನೆ, ತನ್ನ ಭೋಜನದಲ್ಲಿ ಪಾಲು ಕೊಡಿಸುತ್ತಾನೆ, ಕಸ್ದೀಯರ ಭಾಷೆಯನ್ನೂ ಸಾಹಿತ್ಯವನ್ನೂ ಕಲಿಸಲು ಏರ್ಪಾಡು ಮಾಡುತ್ತಾನೆ. ಅನ್ನ, ಆಶ್ರಯ, ಭಾಷೆ, ಕಾಲಾವಕಾಶ ಎಲ್ಲವೂ ಇವೆ. ಇಂದಿನ ಎಷ್ಟೋ ಶಾಲೆಗಳಿಗಿಂತ ಆ ವ್ಯವಸ್ಥೆ ಉದಾರವಾಗಿದೆ. ಆದರೆ ಮೊದಲ ದಿನವೇ ಅವರ ಹೆಸರುಗಳನ್ನು ಬದಲಿಸಲಾಗುತ್ತದೆ. ಹೆಸರಿನಲ್ಲಿ ಅವರ ದೇವರ ನೆನಪಿತ್ತು. ಅದನ್ನು ತೆಗೆದು ಬಾಬಿಲೋನಿನ ದೇವತೆಗಳ ನೆನಪನ್ನು ಇಡಲಾಗುತ್ತದೆ.

ದಾನಿಯೇಲನ ಪ್ರತಿಕ್ರಿಯೆ ಗಮನಾರ್ಹ. ಅವನು ಭಾಷೆಯನ್ನು ನಿರಾಕರಿಸುವುದಿಲ್ಲ. ಎಲ್ಲರಿಗಿಂತ ಚೆನ್ನಾಗಿ ಕಲಿಯುತ್ತಾನೆ. ಅವನು ಕಾದುಕೊಳ್ಳುವುದು ತನ್ನ ಊಟದ ವ್ರತವನ್ನು. ಕಾಳು ಕಾಯಿಪಲ್ಯಗಳ ಆಹಾರ ಸಾಕೆಂದು ಕೇಳಿಕೊಳ್ಳುತ್ತಾನೆ. ತೊಗರಿಯ ನಾಡಿನವರಿಗೆ ಆ ಬೇಡಿಕೆ ಬೇಗನೆ ಅರ್ಥವಾಗುತ್ತದೆ. ಮೇಲ್ವಿಚಾರಕನು ಹೆದರುತ್ತಲೇ ಹತ್ತು ದಿನಗಳ ಪರೀಕ್ಷೆಗೆ ಒಪ್ಪುತ್ತಾನೆ. ಆ ಹೆಸರಿಲ್ಲದ ಮೇಲ್ವಿಚಾರಕನನ್ನು ನಾವು ಮರೆಯಬಾರದು. ಕಲಿಸುವವನು ನಿಯಮವನ್ನು ಹತ್ತು ದಿನ ಸಡಿಲಿಸಿದ್ದರಿಂದಲೇ ಕಲಿಯುವವನು ತಾನಾಗಿ ಉಳಿದನು.

ಇಸ್ರಯೇಲರ ಧರ್ಮಶಾಸ್ತ್ರವೂ ಇದೇ ನೆನಪಿನ ಮೇಲೆ ನಿಂತಿದೆ. ಪರದೇಶಿಯನ್ನು ಸ್ವದೇಶಿಯಂತೆ ಕಾಣಬೇಕೆಂಬ ಯಾಜಕಕಾಂಡದ ಕಟ್ಟಳೆಗೆ ಕೊಟ್ಟ ಕಾರಣ ದಯೆಯಲ್ಲ, ಈಜಿಪ್ಟಿನಲ್ಲಿ ತಾವೇ ಪರದೇಶಿಗಳಾಗಿದ್ದೆವೆಂಬ ನೆನಪು. ಪ್ರಭು ಕ್ರಿಸ್ತರೂ ಎಳೆಯತನದಲ್ಲಿ ಅದೇ ಈಜಿಪ್ಟಿಗೆ ಒಯ್ಯಲ್ಪಟ್ಟವರು. ಅಂತಿಮ ತೀರ್ಪಿನ ದಿನ ತಾವು ಅಪರಿಚಿತರಾಗಿ ಬಂದಿದ್ದಾಗ ಸಿಕ್ಕ ಸ್ವಾಗತವನ್ನು ಕೇಳುವವರು ಅವರೇ.

4. ನಮ್ಮ ಶಾಲೆಗಳು ಹುಟ್ಟಿದ ಬಗೆ

ಧರ್ಮಸಭೆಯ ಶಾಲೆಗಳು ಹುಟ್ಟಿದ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ನಾವು ಆಗಾಗ ಮರೆಯುತ್ತೇವೆ: ನಮ್ಮವರೇ ಹೊಸಬರಾಗಿ ಬಂದು ನಿಂತಿದ್ದಾಗ ಇತರರ ಶಾಲೆಗಳಲ್ಲಿ ಅವರಿಗೆ ಗೌರವದ ಜಾಗ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಅಮೆರಿಕ ಇದಕ್ಕೆ ಸ್ಪಷ್ಟ ಉದಾಹರಣೆ. ಐರ್ಲೆಂಡಿನಿಂದ ಬಂದ ಬಡ ಕಥೋಲಿಕ ಮಕ್ಕಳು ಫಿಲಡೆಲ್ಫಿಯದ ಸಾರ್ವಜನಿಕ ಶಾಲೆಗಳಲ್ಲಿ ತಮ್ಮದಲ್ಲದ ಅನುವಾದದ ಪವಿತ್ರ ಗ್ರಂಥವನ್ನು ಓದಬೇಕಾಗಿತ್ತು. ಆ ಮಕ್ಕಳಿಗೆ ವಿನಾಯಿತಿ ಬೇಕೆಂದು ಧರ್ಮಾಧ್ಯಕ್ಷ ಕೆನ್ರಿಕ್ ಮನವಿ ಮಾಡಿದರು. ವಿವಾದ ಬೆಳೆದು 1844ರಲ್ಲಿ ಗಲಭೆಗಳಾದವು, ಎರಡು ದೇವಾಲಯಗಳು ಸುಟ್ಟುಹೋದವು. 1852ರಲ್ಲಿ ಅದೇ ನಗರದ ಧರ್ಮಾಧ್ಯಕ್ಷರಾದವರು ಬೊಹೀಮಿಯದಿಂದ ಬಂದ ವಲಸಿಗ ಗುರು ಸಂತ ಜಾನ್ ನ್ಯೂಮನ್ (ಇವರು ಇಂಗ್ಲೆಂಡಿನ ಕಾರ್ಡಿನಲ್ ನ್ಯೂಮನ್ ಅಲ್ಲ). ಹಲವು ಭಾಷೆಗಳನ್ನು ಬಲ್ಲ ಅವರು ಧರ್ಮಕೇಂದ್ರಗಳ ಶಾಲೆಗಳನ್ನು ಒಂದು ಧರ್ಮಕ್ಷೇತ್ರದ ವ್ಯವಸ್ಥೆಯಡಿ ತಂದರು. 1884ರ ಬಾಲ್ಟಿಮೋರ್ ಮಹಾಸಭೆ ಪ್ರತಿ ದೇವಾಲಯದ ಬಳಿ ಎರಡು ವರ್ಷಗಳೊಳಗೆ ಶಾಲೆಯಿರಬೇಕೆಂದು ವಿಧಿಸಿತು. ಪೂರ್ವಕ್ಕೆ, ಚೀನಾಕ್ಕೆ ಹೋಗಬಯಸಿದ್ದ ಇಟಲಿಯ ಕನ್ಯಾಸ್ತ್ರೀ ಫ್ರಾನ್ಸಿಸ್ ಕ್ಸೇವಿಯರ್ ಕಬ್ರೀನಿಯವರನ್ನು ಜಗದ್ಗುರು ಹದಿಮೂರನೆಯ ಲಿಯೋ ಪಶ್ಚಿಮಕ್ಕೆ ಕಳುಹಿಸಿದರು. 1889ರಲ್ಲಿ ನ್ಯೂಯಾರ್ಕಿಗೆ ಬಂದಿಳಿದ ಆಕೆ ಇಟಲಿಯ ಕೂಲಿಕಾರರ ಮಕ್ಕಳಿಗಾಗಿ ಶಾಲೆ, ಅನಾಥಾಲಯಗಳನ್ನು ತೆರೆದರು. 1946ರಲ್ಲಿ ಅವರು ಸಂತರೆಂದು ಘೋಷಿತರಾದರು. ವಲಸಿಗರ ಪಾಲಕಿಯೆಂದು ಧರ್ಮಸಭೆ ಅವರನ್ನು ಗೌರವಿಸುತ್ತದೆ.

ಈ ಚರಿತ್ರೆ ಒಮ್ಮತದ ಚರಿತ್ರೆಯಲ್ಲ. 1891ರಲ್ಲಿ ಜರ್ಮನಿಯ ಕಾಹೆನ್ಸ್ಲಿ ಮತ್ತು ಸಂಗಡಿಗರು ಜಗದ್ಗುರುಗಳಿಗೆ ಮನವಿಯೊಂದನ್ನು ಸಲ್ಲಿಸಿ, ವಲಸಿಗರಿಗೆ ಅವರವರ ಭಾಷೆಯ ಧರ್ಮಕೇಂದ್ರಗಳೂ ಆ ಭಾಷೆಯನ್ನು ಕಲಿಸುವ ಶಾಲೆಗಳೂ ಬೇಕೆಂದರು. ಭಾಷೆ ಹೋದರೆ ವಿಶ್ವಾಸವೂ ಹೋಗುತ್ತದೆ ಎಂಬುದು ಅವರ ಆತಂಕ. ಸೇಂಟ್ ಪಾಲ್ ನಗರದ ಮಹಾಧರ್ಮಾಧ್ಯಕ್ಷ ಜಾನ್ ಐರ್ಲೆಂಡ್ ಇದನ್ನು ಬಲವಾಗಿ ವಿರೋಧಿಸಿದರು. ಮಕ್ಕಳು ಹೊಸ ನಾಡಿನ ಭಾಷೆಯನ್ನು ಬೇಗ ಕಲಿತು ಆ ನಾಡಿನವರಾಗದಿದ್ದರೆ ಎಂದೆಂದಿಗೂ ಪರಕೀಯರಾಗಿಯೇ ಉಳಿಯುತ್ತಾರೆ ಎಂಬುದು ಅವರ ವಾದ. ಇದೇ ಹೊತ್ತಿಗೆ ವಿಸ್ಕಾನ್ಸಿನ್ ರಾಜ್ಯ 1889ರ ಕಾಯ್ದೆಯೊಂದರ ಮೂಲಕ ಇಂಗ್ಲಿಷ್ ಬೋಧನೆಯನ್ನು ಕಡ್ಡಾಯಗೊಳಿಸಿ, ಜರ್ಮನ್ ಕಥೋಲಿಕರೂ ಲೂಥರನರೂ ಒಟ್ಟಾಗಿ ವಿರೋಧಿಸಿದ ಮೇಲೆ 1891ರಲ್ಲಿ ಹಿಂತೆಗೆದುಕೊಂಡಿತು.

ಇಬ್ಬರಲ್ಲಿ ಯಾರು ಸರಿ? ಜೇವರ್ಗಿಯ ಅನುಭವದಿಂದ ನೋಡಿದರೆ ಇಬ್ಬರೂ ಅರ್ಧ ಸತ್ಯವನ್ನು ಹಿಡಿದಿದ್ದರು. ಮನೆಯ ಮಾತನ್ನು ಅಳಿಸಿದ ಶಾಲೆ ಮಗುವಿನ ಹೆಸರನ್ನು ಬದಲಿಸಿದ ಬಾಬಿಲೋನಿನ ಶಾಲೆಯಾಗುತ್ತದೆ. ಹೊಸ ಊರಿನ ಮಾತನ್ನು ಕಲಿಸದ ಶಾಲೆ ಮಗುವನ್ನು ತಾಂಡಾದಲ್ಲೋ ಶೆಡ್ಡಿನಲ್ಲೋ ಕಟ್ಟಿಹಾಕುತ್ತದೆ. ಧರ್ಮಸಭೆಯ ಮುಂದಿನ ಬೋಧನೆ ಈ ಎರಡನ್ನೂ ಹೊಂದಿಸಲು ಯತ್ನಿಸಿದೆ. 1952ರಲ್ಲಿ ಜಗದ್ಗುರು ಹನ್ನೆರಡನೆಯ ಭಕ್ತಿನಾಥರು ಹೊರಡಿಸಿದ 'ಎಕ್ಸುಲ್ ಫಮೀಲಿಯ' ಸಂವಿಧಾನ ಈಜಿಪ್ಟಿಗೆ ಓಡಿದ ನಜರೇತಿನ ಕುಟುಂಬವನ್ನು ಎಲ್ಲ ವಲಸಿಗರ ಮಾದರಿಯಾಗಿಸಿತು, ಅವರವರ ಭಾಷೆ ಬಲ್ಲ ಗುರುಗಳ ಸೇವೆಗೆ ವ್ಯವಸ್ಥೆ ಮಾಡಿತು. 2004ರ ವ್ಯಾಟಿಕನ್ ನಿರ್ದೇಶನ 'ಎರ್ಗಾ ಮಿಗ್ರಾಂತೆಸ್' ಆ ದಾರಿಯನ್ನು ಮುಂದುವರಿಸಿತು. 2018ರ ವಲಸಿಗರ ದಿನದ ಸಂದೇಶದಲ್ಲಿ ಜಗದ್ಗುರು ಫ್ರಾನ್ಸಿಸ್ ಸ್ವಾಗತ, ರಕ್ಷಣೆ, ಏಳಿಗೆ, ಸಮನ್ವಯ ಎಂಬ ನಾಲ್ಕು ಕಾರ್ಯಗಳನ್ನು ಹೆಸರಿಸಿದರು. ಆ ಸಂದೇಶ ಮಕ್ಕಳ ಶಿಕ್ಷಣವನ್ನೂ ಒಳಗೊಂಡಿತ್ತು.

5. ಸರ್ಕಾರಿ ಶಾಲೆ ಕಲಿಸಿದ ಪಾಠ

ಬೋಧನೆ ನಮ್ಮಲ್ಲಿತ್ತು; ಪ್ರಯೋಗಗಳು ಹೆಚ್ಚಾಗಿ ಬೇರೆಯವರಿಂದ ಬಂದವು. ಇದನ್ನು ವಿನಯದಿಂದ ಒಪ್ಪಿಕೊಳ್ಳಬೇಕು.

ಪಕ್ಕದ ರಂಗಾರೆಡ್ಡಿ ಜಿಲ್ಲೆಯಲ್ಲಿ ಎಂ. ವಿ. ಪ್ರತಿಷ್ಠಾನವು ಶಾಂತಾ ಸಿನ್ಹಾ ಅವರ ನೇತೃತ್ವದಲ್ಲಿ 1990ರ ದಶಕದಿಂದ ದುಡಿಯುವ ಮಕ್ಕಳಿಗಾಗಿ ವಸತಿಸಹಿತ ಸೇತುಶಿಕ್ಷಣದ ಶಿಬಿರಗಳನ್ನು ನಡೆಸಿತು. ಹನ್ನೆರಡು ವರ್ಷದ ಹುಡುಗನನ್ನು ಒಂದನೆಯ ತರಗತಿಯಲ್ಲಿ ಕೂರಿಸಿ ಅವಮಾನಿಸದೆ, ಕೆಲವು ತಿಂಗಳ ತೀವ್ರ ಕಲಿಕೆಯಿಂದ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸುವುದು ಅದರ ಕ್ರಮ. ಕರ್ನಾಟಕದ 'ಚಿಣ್ಣರ ಅಂಗಳ' ಇದೇ ಜಾಡಿನ ಯೋಜನೆ. ಸರ್ವ ಶಿಕ್ಷಾ ಅಭಿಯಾನದ ಕಾಲದಲ್ಲಿ ರಾಜ್ಯದಲ್ಲಿ ಇನ್ನೆರಡು ಏರ್ಪಾಡುಗಳಾದವು. ಒಂದು, ತಂದೆತಾಯಿ ಗುಳೆ ಹೋದಾಗ ಮಗು ಊರಲ್ಲೇ ಉಳಿದು ಓದಲು ಋತುಮಾನದ ವಸತಿನಿಲಯ. ಎರಡು, ಕೆಲಸ ನಡೆಯುವ ಜಾಗಕ್ಕೇ ಶಾಲೆ ಹೋಗುವ ಟೆಂಟ್ ಶಾಲೆ. ಎರಡಕ್ಕೂ ಬೆಲೆಯಿದೆ. ವಸತಿನಿಲಯದಲ್ಲಿ ಪಾಠ ಮುರಿಯುವುದಿಲ್ಲ, ಆದರೆ ಎಳೆಯ ಮಗು ತಾಯಿಯಿಂದ ಆರು ತಿಂಗಳು ದೂರವಾಗುತ್ತದೆ. ಟೆಂಟ್ ಶಾಲೆಯಲ್ಲಿ ಕುಟುಂಬ ಒಡೆಯುವುದಿಲ್ಲ, ಆದರೆ ಕಾಮಗಾರಿ ಮುಗಿದ ದಿನ ಶಾಲೆಯೂ ಮುಗಿಯುತ್ತದೆ.

ಮೂರನೆಯದು ಬೋಧನಾಕ್ರಮಕ್ಕೆ ಸೇರಿದ್ದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ-ಕಲಿ'ಯಲ್ಲಿ ಪಾಠಗಳನ್ನು ಏಣಿಯ ಮೆಟ್ಟಿಲುಗಳಂತೆ ಚಿಕ್ಕ ಚಿಕ್ಕ ಹಂತಗಳಾಗಿ ಜೋಡಿಸಲಾಗಿದೆ. ಇಡೀ ತರಗತಿ ಒಂದೇ ಪುಟದಲ್ಲಿ ಇರಬೇಕಿಲ್ಲ. ಮೂರು ತಿಂಗಳು ಇಲ್ಲದಿದ್ದ ಮಗು ಮರಳಿ ಬಂದು, ಬಿಟ್ಟ ಮೆಟ್ಟಿಲಿನಿಂದಲೇ ಏರತೊಡಗಬಹುದು. ಗುಳೆಯ ನಾಡಿಗೆ ಇದಕ್ಕಿಂತ ಹೊಂದುವ ಕ್ರಮ ನಮಗೆ ಕಂಡಿಲ್ಲ. ನಾಲ್ಕನೆಯದು ಅನ್ನ. 2002ರಲ್ಲಿ 'ಅಕ್ಷರ ದಾಸೋಹ'ದ ಬಿಸಿಯೂಟ ಮೊದಲು ಕಾಲಿಟ್ಟದ್ದು ಕಲಬುರಗಿಯೂ ಸೇರಿದಂತೆ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ. ಶರಣರ ದಾಸೋಹದ ಪದವನ್ನು ಶಾಲೆಯ ಅಡುಗೆಮನೆಗೆ ತಂದವರು ನಾಡಿನ ಮನಸ್ಸನ್ನು ಬಲ್ಲವರು.

ದೂರದಿಂದ ಬಂದವರ ವಿಷಯದಲ್ಲೂ ಈ ರಾಜ್ಯಕ್ಕೆ ಅನುಭವವಿದೆ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿ ನೆಲೆಸಿದ ಟಿಬೆಟಿನ ನಿರಾಶ್ರಿತರಿಗೆ, 1961ರಲ್ಲಿ ಕೇಂದ್ರ ಸರ್ಕಾರ ರಚಿಸಿದ ಪ್ರತ್ಯೇಕ ಆಡಳಿತದಡಿ ಅವರ ಭಾಷೆ, ಸಂಸ್ಕೃತಿಗಳಿಗೆ ಎಡೆಯುಳ್ಳ ಶಾಲೆಗಳು ದೊರೆತವು. ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಿಗೆ ಬಂದ ಬಂಗಾಳಿ ನಿರಾಶ್ರಿತರ ಮಕ್ಕಳು ಕನ್ನಡ ಶಾಲೆಗಳಲ್ಲಿ ಓದಿ ಕನ್ನಡಿಗರಾದರು, ಮನೆಯ ಬಂಗಾಳಿಗೆ ಶಾಲೆಯಲ್ಲಿ ಅಷ್ಟು ಆಸರೆ ಸಿಗಲಿಲ್ಲ. ಕಾಹೆನ್ಸ್ಲಿಯ ದಾರಿ ಒಂದು ಕಡೆ, ಐರ್ಲೆಂಡ್ ಅವರ ದಾರಿ ಇನ್ನೊಂದು ಕಡೆ. ಎರಡೂ ಒಂದೇ ರಾಜ್ಯದಲ್ಲಿ.

ಕೊನೆಗೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆ ಈ ಎಲ್ಲ ಅನುಭವಗಳನ್ನು ಕಾನೂನಿನ ರೂಪಕ್ಕೆ ತಂದಿತು. ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸಬಾರದು. ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸಬಾರದು. ವಲಸೆ ಕುಟುಂಬಗಳ ಮಕ್ಕಳ ಪ್ರವೇಶವನ್ನು ಖಾತ್ರಿಪಡಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ. ಆ ನವೆಂಬರಿನ ಬೆಳಗ್ಗೆ ನಾವು ಕೇಳಿದ ಒಂದೊಂದು ಕಾಗದಕ್ಕೂ ಕಾಯ್ದೆಯಲ್ಲಿ ಒಂದೊಂದು ಉತ್ತರ ಬರೆದಿಟ್ಟಿತ್ತು.

6. 2020: ಮರಳಿ ಬಂದವರು

2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಸಾವಿರಾರು ಜನ ಕಲಬುರಗಿ ಜಿಲ್ಲೆಗೆ ಮರಳಿದರು. ಅವರನ್ನು ಇರಿಸಲು ಶಾಲೆಗಳನ್ನೂ ವಸತಿನಿಲಯಗಳನ್ನೂ ತೆರೆಯಲಾಯಿತು. ಗುಳೆ ಹೋದ ಮಕ್ಕಳು ತಾವು ತಪ್ಪಿಸಿಕೊಂಡ ತರಗತಿಯ ಕೋಣೆಗಳಲ್ಲೇ ಮಲಗಿದರು, ಕಲಿಯುವವರಾಗಿ ಅಲ್ಲ, ಕ್ವಾರಂಟೈನ್ ಆದವರಾಗಿ. ಊರಿನವರು ದೂರ ನಿಂತು ನೋಡಿದರು. ತನ್ನ ಊರೇ ತನ್ನನ್ನು ಅಪರಿಚಿತನೆಂದು ಕಾಣುವ ಅನುಭವ ಆ ಮಕ್ಕಳದಾಯಿತು.

ಆ ವರ್ಷ ಶಾಲೆ ತೆರೆಯದಿದ್ದಾಗ ರಾಜ್ಯ ಸರ್ಕಾರ 'ವಿದ್ಯಾಗಮ'ದ ಮೂಲಕ ಶಿಕ್ಷಕರನ್ನು ಗುಡಿಯ ಕಟ್ಟೆಗೆ, ಸಮುದಾಯ ಭವನಕ್ಕೆ, ಮರದ ನೆರಳಿಗೆ ಕಳುಹಿಸಿತು. ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ಅದನ್ನು ತಡೆಹಿಡಿಯಬೇಕಾಯಿತು. ಆದರೂ ಒಂದು ಸತ್ಯವನ್ನು ಆ ಕೆಲವು ವಾರಗಳು ತೋರಿಸಿದವು. ಮಗು ಶಾಲೆಗೆ ಬರಲಾಗದಾಗ ಶಾಲೆ ಮಗುವಿನ ಬಳಿಗೆ ಹೋಗಬಹುದು, ಯಾವ ಕಾಗದವನ್ನೂ ಕೇಳದೆ.

7. ನಮ್ಮ ಆತ್ಮಶೋಧನೆ

ಇನ್ನು ನಮ್ಮ ಸಂಸ್ಥೆಗಳ ಮಾತು. 2005ರಲ್ಲಿ ಕಲಬುರಗಿ, ಬೀದರ್, ವಿಜಯಪುರ ಜಿಲ್ಲೆಗಳಿಗಾಗಿ ಪ್ರತ್ಯೇಕ ಧರ್ಮಕ್ಷೇತ್ರ ಸ್ಥಾಪನೆಯಾಯಿತು. ಅದಕ್ಕೂ ಮೊದಲಿನಿಂದ ಈ ಸೀಮೆಯಲ್ಲಿ ದುಡಿದ ಗುರುಗಳೂ ಕನ್ಯಾಸ್ತ್ರೀಯರೂ ಅನೇಕರು ಕರಾವಳಿಯಿಂದ, ಕೇರಳದಿಂದ ಬಂದವರು. ಇಲ್ಲಿಯ ಜವಾರಿ ಕನ್ನಡವನ್ನು ಅವರು ಹಳ್ಳಿಯ ಮಕ್ಕಳಿಂದಲೇ ಕಲಿತರು. ಹೊಸಬರನ್ನು ತಾಳ್ಮೆಯಿಂದ ಬರಮಾಡಿಕೊಂಡವರು ಮೊದಲು ಈ ಜನ. ಆ ಋಣ ನಮ್ಮ ಮೇಲಿದೆ.

ಮೇಲೆ ಹೇಳಿದ ಕಾಯ್ದೆ ನಮ್ಮ ಶಾಲೆಗಳಿಗೆ ಅನ್ವಯಿಸುವುದಿಲ್ಲ. ಪ್ರಮತಿ ಟ್ರಸ್ಟ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2014ರ ಮೇ 6ರಂದು ಅಲ್ಪಸಂಖ್ಯಾತ ಸಂಸ್ಥೆಗಳನ್ನು, ಸಂವಿಧಾನದ 30ನೆಯ ವಿಧಿಯ ರಕ್ಷಣೆಯ ಆಧಾರದಲ್ಲಿ, ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. 30ನೆಯ ವಿಧಿ ಬೆಲೆಬಾಳುವ ಹಕ್ಕು; ಅದನ್ನು ಹಗುರವಾಗಿ ಕಾಣಬೇಕೆಂದು ನಾವು ಹೇಳುತ್ತಿಲ್ಲ. ಫಿಲಡೆಲ್ಫಿಯದ ಕಥೆ ಬಲ್ಲವರಿಗೆ ಅದರ ಅಗತ್ಯ ಅರ್ಥವಾಗುತ್ತದೆ. ಆದರೆ ಆ ರಕ್ಷಣೆಯನ್ನು ನಾವು ಯಾವುದಕ್ಕಾಗಿ ಬಳಸುತ್ತೇವೆ? ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರು ಕಾನೂನಿಗೆ ಒಳಪಟ್ಟು ಸೇರಿಸಿಕೊಳ್ಳಬೇಕಾದ ಮಗುವನ್ನು ನಾವು ಕಾನೂನಿನ ವಿನಾಯಿತಿಯಿಂದ ಹಿಂದಕ್ಕೆ ಕಳುಹಿಸುವುದಾದರೆ, ಬಡವರಿಗಾಗಿ ಗಳಿಸಿದ ಹಕ್ಕು ಬಡವನ ಎದುರೇ ಬಾಗಿಲಾಗುತ್ತದೆ.

ಆಡಳಿತ ನಡೆಸುವ ಗುರುಗಳ ಕಷ್ಟಗಳು ನಿಜ. ಶಿಕ್ಷಕರ ಸಂಬಳ ಶುಲ್ಕದಿಂದಲೇ ಬರಬೇಕು. ನಡುವರ್ಷದಲ್ಲಿ ಬಂದ ಮಗು ಮೂರು ತಿಂಗಳಲ್ಲಿ ಹೊರಟುಹೋದರೆ ಶ್ರಮ ವ್ಯರ್ಥವೆನಿಸುತ್ತದೆ. ಆಂಗ್ಲ ಮಾಧ್ಯಮದ ತರಗತಿಯ ನಡುವೆ ಹಳ್ಳಿಯ ಕನ್ನಡ ಶಾಲೆಯಿಂದ ಬಂದ ಮಗು ಕುಗ್ಗಿಹೋಗಬಹುದು. ಈ ಮಾತುಗಳನ್ನು ನಾವೂ ಆಡಿದ್ದೇವೆ. ಆದರೆ ಚರಿತ್ರೆ ತೋರಿಸಿದ ಉಪಾಯಗಳಲ್ಲಿ ಹಲವಕ್ಕೆ ಹೆಚ್ಚು ಹಣ ಬೇಕಿಲ್ಲ. ಪ್ರತಿ ತರಗತಿಯಲ್ಲಿ ಒಂದೆರಡು ಸ್ಥಾನಗಳನ್ನು ವರ್ಷದ ನಡುವೆ ಬರುವವರಿಗಾಗಿ ಖಾಲಿ ಇಡಬಹುದು. ಮಧ್ಯಾಹ್ನದ ಮೇಲೆ ಖಾಲಿಯಿರುವ ಧರ್ಮೋಪದೇಶದ ಕೋಣೆಯಲ್ಲಿ ಸೇತುಪಾಠ ನಡೆಸಬಹುದು. ಗುರುಮಠದ ಸಹೋದರರು ಶನಿವಾರದ ಸೇವಾಕಾರ್ಯದಲ್ಲಿ ಕಾಮಗಾರಿಯ ಶೆಡ್ಡುಗಳಿಗೆ ಹೋಗಿ ಮಕ್ಕಳ ಹೆಸರು ಬರೆದುಕೊಂಡು, ಸಮೀಪದ ಸರ್ಕಾರಿ ಶಾಲೆಗೆ ಸೇರಿಸಲು ತಂದೆತಾಯಿಗಳ ಜೊತೆ ನಡೆಯಬಹುದು; ಮಗು ನಮ್ಮ ಶಾಲೆಗೇ ಬರಬೇಕೆಂದಿಲ್ಲ, ಅವರು ಕ್ರೈಸ್ತರಾಗಿರಬೇಕೆಂದೂ ಇಲ್ಲ.

ಇನ್ನೊಂದು ಉಪಾಯ ಧರ್ಮಸಭೆಗೆ ವಿಶೇಷವಾಗಿ ಸಾಧ್ಯ. ಮದುವೆಗೆ ಬಂದವರ ಸ್ನಾನದೀಕ್ಷೆಯ ಪ್ರಮಾಣಪತ್ರಕ್ಕಾಗಿ ನಾವು ದೂರದ ಧರ್ಮಕೇಂದ್ರಕ್ಕೆ ಪತ್ರ ಬರೆಯುತ್ತೇವೆ, ಉತ್ತರ ಬರುವವರೆಗೆ ನೆನಪಿಸುತ್ತೇವೆ. ಅದೇ ಶ್ರದ್ಧೆಯಿಂದ ಮಗುವಿನ ವರ್ಗಾವಣೆ ಪತ್ರಕ್ಕಾಗಿ ಅದರ ಊರಿನ ಮುಖ್ಯೋಪಾಧ್ಯಾಯರಿಗೆ, ಅಲ್ಲಿಗೆ ಹತ್ತಿರದ ನಮ್ಮ ಗುರುಗಳಿಗೆ ಒಂದು ದೂರವಾಣಿ ಕರೆ ಮಾಡಬಹುದು. ಊರಲ್ಲಿ ಉಳಿದ ಕಾಗದವನ್ನು ತರಿಸುವ ಕೆಲಸ ಕೂಲಿಯ ತಂದೆಗೆ ಮೂರು ದಿನದ ದುಡಿಮೆಯ ನಷ್ಟ, ನಮಗೆ ಹತ್ತು ನಿಮಿಷ.

ಉಪಸಂಹಾರ

ಇಸ್ರಯೇಲರ ನೆನಪು, ದಾನಿಯೇಲನ ಮೇಲ್ವಿಚಾರಕ, ಕಬ್ರೀನಿಯವರ ಶಾಲೆಗಳು, ನಲಿ-ಕಲಿಯ ಏಣಿ, ವಿದ್ಯಾಗಮದ ಮರದ ನೆರಳು, ಇವು ಬೇರೆ ಬೇರೆ ಕಾಲದವು, ಬೇರೆ ಬೇರೆ ವಿಶ್ವಾಸದವರವು. ಇವೆಲ್ಲ ಒಂದೇ ಮಾತನ್ನು ಹೇಳುತ್ತವೆ: ಮಗುವನ್ನು ಶಾಲೆಗೆ ಹೊಂದಿಸುವ ಮೊದಲು ಶಾಲೆ ಮಗುವಿಗೆ ಒಂದು ಹೆಜ್ಜೆ ಹೊಂದಿಕೊಳ್ಳಬೇಕು. ಸಂದೇಶವನ್ನು ಬೋಧಿಸುವ ನಮಗೆ ಇದು ಅಪರಿಚಿತ ಸಂಗತಿಯಲ್ಲ. ವಾರ್ತೆಯಾದಾತನು ಮನುಷ್ಯನಾಗಿ ನಮ್ಮ ನಡುವೆ ಬಿಡಾರ ಹೂಡಿದುದನ್ನೇ ನಾವು ತರಗತಿಯಲ್ಲಿ ಬೋಧಿಸುವುದು.

ಆ ಧರ್ಮಕೇಂದ್ರದಿಂದ ನಮಗೆ ವರ್ಗವಾದಾಗ ದಾಖಲಾತಿ ಪುಸ್ತಕವನ್ನು ಮುಂದಿನ ಗುರುಗಳಿಗೆ ಒಪ್ಪಿಸುವ ಮೊದಲು ಪುಟಗಳನ್ನು ತಿರುವಿದೆವು. ಆ ವರ್ಷದ ಜೂನ್ ತಿಂಗಳ ಪುಟಗಳು ತುಂಬಿದ್ದವು. ನವೆಂಬರಿನಲ್ಲಿ ಒಂದು ಹೆಸರೂ ಇರಲಿಲ್ಲ. ಆ ಹುಡುಗನ ಹೆಸರನ್ನು ನಾವು ಅಂದು ಕೇಳಿರಲೂ ಇಲ್ಲ. ಈ ಲೇಖನವನ್ನು ಓದುವ ಸಹೋದರರು ಮುಂದೆ ಅಂಥ ಕುರ್ಚಿಯಲ್ಲಿ ಕುಳಿತಾಗ, ಕಾಗದ ಕೇಳುವ ಮೊದಲು ಹೆಸರು ಕೇಳಲಿ ಎಂದು ಪ್ರಾರ್ಥಿಸುತ್ತೇವೆ.